ನೈರಿಯತ್ತ ತಿರುಗಿದ ಬಾಣ

"ಚೀಲ ಹುಡುಕು ಅಂದ್ರೆ ನನ್ನ ಹತ್ರ ಯಾಕೋ ಬರ್ತೀಯಾ, ಡೂಗಲ್?!"

ನೈರಿಯ ಕೂಗಿಗೆ ಬಂಡೆ ಮೇಲಿದ್ದ ಕೀಯಾ ಗಿಳಿಯೂ ಹಾರಿಹೋಯಿತು.

ವನಾಕಾ ಊರಿನ ಮೇಲಿನ ಬೆಟ್ಟದಲ್ಲಿ ಹಿಮಕುಸಿತದ ತರಬೇತಿ ಕೊಡುವವಳು ಅವಳು. ಹಿಮದಡಿ ಹೂತಿಟ್ಟ ಚೀಲದಲ್ಲಿ ಬೀಕನ್ ಎಂಬ ಪುಟ್ಟ ಯಂತ್ರ ಸಂಕೇತ ಕಳಿಸುತ್ತಿರುತ್ತದೆ. ಹುಡುಕುವವನ ಬೀಕನ್ನಿನ ಬಾಣ ಅತ್ತ ತೋರಿಸುತ್ತದೆ. ಐದು ನಿಮಿಷದಲ್ಲಿ ತೋಡಿ ತೆಗೆಯಬೇಕು, ಅಷ್ಟೇ! ಇಷ್ಟಕ್ಕೇ ಈ ಮಹಾನುಭಾವ ಎರಡು ಸಲ ಫೇಲು. ಎರಡು ಸಲವೂ ಚೀಲ ಬಿಟ್ಟು ನೇರವಾಗಿ ಅವಳ ಮುಂದೆ ಬಂದು ನಿಂತಿದ್ದ.

ಇವತ್ತು ಮೂರನೆಯದು, ಕೊನೆಯದು. ಇದೂ ಹೋದರೆ ರಕ್ಷಣಾ ತಂಡದ ಕೆಲಸ ಬೇರೆಯವರ ಪಾಲು. ಅವನು ನಾಳೆಯೇ ಗಂಟುಮೂಟೆ ಕಟ್ಟಿ ತನ್ನೂರು ಇನ್ವರ್ಕಾರ್ಗಿಲ್‌ಗೆ ವಾಪಸು.

ಹೋಗಲಿ, ಪೀಡೆ ತೊಲಗುತ್ತೆ... ಎಂದುಕೊಂಡಳು. ಮನಸ್ಸು ಯಾಕೋ ಒಪ್ಪಲಿಲ್ಲ. ಅದಕ್ಕೂ ಸಿಟ್ಟು ಬಂತು!

"ತಮಾಷೆನಾ ಇದು? ಜನ ಸಾಯ್ತಾರೆ ಕಣೋ ಇಲ್ಲಿ!"

"ತಮಾಷೆ ಅಲ್ಲ ಮೇಡಂ. ಬಾಣ ನಿಮ್ಮ ಕಡೆನೇ ತೋರಿಸ್ತಿದೆ. ನೀವೇ ನೋಡಿ."

ನೋಡಿದಳು. ಹೌದು... ಜಾಕೆಟ್ಟಿನ ಜಿಪ್ ಎಳೆದಳು. ಅವಳ ಸ್ವಂತ ಬೀಕನ್ನಿನ ಕೆಂಪು ದೀಪ ಮಿಣುಕುತ್ತಿತ್ತು.

ಅಯ್ಯೋ! ಪರೀಕ್ಷೆಗೆ ಮುಂಚೆ ಹುಡುಕುವವನನ್ನು ಬಿಟ್ಟು ಉಳಿದವರಿಗೆಲ್ಲ "ಆಫ್ ಮಾಡಿ" ಎನ್ನುವವಳು ತನ್ನದನ್ನೇ ಬಿಟ್ಟಿದ್ದಳು. ಅಣ್ಣ ಬೀಕನ್ ಇಲ್ಲದೆ ಹಿಮದಡಿ ಸಿಕ್ಕಿ ಸತ್ತ ದಿನದಿಂದ, ಬೆಟ್ಟದಲ್ಲಿ ಅದನ್ನು ಆರಿಸಲು ಅವಳ ಕೈ ಏಳುತ್ತಲೇ ಇರಲಿಲ್ಲ.

"ಹಾಗಾದ್ರೆ ಬೇರೆಯವ್ರು ಹೇಗೆ ಪಾಸಾದ್ರು?"

"ಅವರನ್ನ ದೂರದ ದಿಬ್ಬದ ಮೇಲಿಂದ ನೋಡ್ತೀರಿ. ನನ್ನ ಪಕ್ಕ ಮಾತ್ರ ಬಂದು ನಿಲ್ತೀರಿ... ಪ್ರತಿ ಸಲ."

ನೈರಿಯ ಕೆನ್ನೆ ಬಿಸಿಯಾಯಿತು. ಛೆ!

"ಮೊದಲೇ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?"

"ಬಿಟ್ಟೆನಲ್ಲ! ‘ನೆಪ ಹೇಳಿ ಹಲ್ಲು ಕಿರೀಬೇಡ’ ಅಂತ ಓಡಿಸಿದ್ರಿ."

ಹೌದು, ಓಡಿಸಿದ್ದಳು. ಎರಡು ಸಲ.

"ತಪ್ಪು ನಂದೇ, ಡೂಗಲ್... ಕ್ಷಮಿಸು." ತನ್ನ ಬೀಕನ್ ಆರಿಸಿದಳು. "ಮತ್ತೆ ಶುರು ಮಾಡು. ಹೊರಡು!"

ಎರಡೇ ನಿಮಿಷ! ಅವನು ಸಲಿಕೆಯಿಂದ ಹಿಮ ತೋಡಿ ಚೀಲ ಎತ್ತಿ ಹಿಡಿದ. ಪಾಸು! ಅವಳ ಕಣ್ಣು ತುಂಬಿಬಂತು.

ಡೂಗಲ್ ಚೀಲವನ್ನು ಅಲ್ಲೇ ಇಟ್ಟು, ಮತ್ತೆ ನೇರವಾಗಿ ಅವಳತ್ತಲೇ ನಡೆದು ಬಂದ.

"ಈಗ್ಯಾಕೋ ಬಂದೆ? ನಂದು ಆಫ್ ಆಗಿದೆಯಲ್ಲ!"

"ನಂದೂ ಆಫ್ ಮಾಡೇ ಬಂದೆ, ನೈರಿ."

ಅವನ ಕೈ ಹಿಡಿದುಕೊಂಡಳು.

"ಮೊದಲು ಅದನ್ನ ಆನ್ ಮಾಡು, ದಡ್ಡ... ನಿನ್ನನ್ನೂ ಕಳ್ಕೊಳ್ಳೋಕೆ ನನ್ನಿಂದಾಗಲ್ಲ."