ಆರ್ವಲ್‌ನ ಬೆರಳು

“ಮರಾನ ಕಬ್ಬಿಣದಿಂದ ಬಿಡಿಸ್ಬೇಡ ಮಗಾ. ನಾನು ಕೇಳೋದು ಅಷ್ಟೇ,” ಎಂದಳು ಒಲೀಟ. “ಹಿಡೀಲಿ ಒಂದು ಬೆಣೆ ಇದೆ ನೋಡು, ಅದನ್ನಂತೂ ಮುಟ್ಟಲೇಬೇಡ.”

ಹೆಂಡತಿಯೊಡನೆ ಬಂದೂಕು ಕೊಳ್ಳಲು ಬಂದಿದ್ದ ಕರ್ಟಿಸ್ ಬೋವನ್ ನಕ್ಕ. ಪಟ್ಟಣದಿಂದ ನಮ್ಮ ವೆಸ್ಟ್ ವರ್ಜೀನಿಯಾದ ಕಣಿವೆಗೆ ಬಂದವರೆಲ್ಲ ಮೊದಮೊದಲು ಹೀಗೆಯೇ ನಗುತ್ತಾರೆ. ಅಡುಗೆಮನೆಯಲ್ಲಿ ಹಂದಿ ಕೊಬ್ಬು ಹಾಕಿ ಬೇಯಿಸಿದ ಹುರುಳಿಕಾಯಿಯ ವಾಸನೆ, ಅದರ ಮೇಲೆ ಕಲ್ಲಿದ್ದಲ ಹೊಗೆ. ಮೇಜಿನ ಮೇಲೆ ಒಲೀಟಳ ಗಂಡ ಆರ್ವಲ್ ಕೊರಿಯಾ ಯುದ್ಧದಿಂದ ತಂದ ಗ್ಯಾರಂಡ್ ರೈಫಲ್ ಮಲಗಿತ್ತು. ಆರ್ವಲ್ ಸತ್ತು ವರ್ಷ ತುಂಬಿರಲಿಲ್ಲ. ಅದರ ಆಕ್ರೋಟ್ ಮರದ ಹಿಡಿಯಲ್ಲಿ ಹೆಬ್ಬೆರಳ ಗಾತ್ರದ ಒಂದು ತೂತು, ತೂತಿಗೆ ಬಡಿದ ಬಿಳಿ ಮರದ ಬೆಣೆ. ಅಂಥ ಚೆಂದದ ಬಂದೂಕಿಗೆ ಅದೊಂದು ಹುಣ್ಣಿನಂತೆ ಕಾಣುತ್ತಿತ್ತು.

“ಬೆಣೆ ತೆಗೆದ್ರೆ ಏನಾಗುತ್ತಮ್ಮ? ಒಳಗಿಂದ ಭೂತ ಬರುತ್ತಾ?”

“ಭೂತ ಆಗಿದ್ರೆ ಚರ್ಚಿನೋರು ಓಡಿಸ್ತಿದ್ರು,” ಎಂದಳು ಮುದುಕಿ. “ಇದನ್ನ ನಮ್ಮತ್ತೆ ಕಟ್ಟಿದ್ದು.”

ಕರ್ಟಿಸ್ ಹೆಂಡತಿಯ ಕಡೆ ತಿರುಗಿ ಕಣ್ಣು ಮಿಟುಕಿಸಿದ. ಲೊರೇನ ನಗಲಿಲ್ಲ. ಬಂದೂಕಿನ ವಿಷಯದಲ್ಲಿ ಅವಳಿಗೆ ನಗು ಬರುತ್ತಿರಲಿಲ್ಲ. ಅವಳ ಮೊದಲ ಗಂಡ ಊಟ ಆರಿದೆಯೆಂದು ಒಂದು ಸಂಜೆ ಅವಳ ಹಣೆಗೆ ಪಿಸ್ತೂಲು ಒತ್ತಿದವನು. ಅವನನ್ನು ಬಿಟ್ಟು ಬಂದು ನಡುವಯಸ್ಸಿನಲ್ಲಿ ಕರ್ಟಿಸ್‌ನ ಕೈ ಹಿಡಿಯುವಾಗ ಅವಳು ಕೇಳಿದ್ದು ಒಂದೇ ಮಾತು. ಹಳೆಯ ಬಂದೂಕು ಎಷ್ಟಾದರೂ ಕೂಡಿಹಾಕು, ಆದರೆ ಮನೆಯ ಸೂರಿನ ಕೆಳಗೆ ಒಂದು ಗುಂಡೂ ಇರಬಾರದು. ಕರ್ಟಿಸ್ ಮಾತು ಕೊಟ್ಟಿದ್ದ, ಉಳಿಸಿಕೊಂಡೂ ಬಂದಿದ್ದ. ಅವನ ಗುಂಡುಗಳೆಲ್ಲ ಗೆಳೆಯ ವೆಂಡಲ್‌ನ ರಿಪೇರಿ ಅಂಗಡಿಯ ಕಪಾಟಿನಲ್ಲಿರುತ್ತಿದ್ದವು. ಲೊರೇನ ರಾತ್ರಿ ನಿದ್ದೆ ಮಾಡುತ್ತಿದ್ದುದೇ ಆ ಮಾತಿನ ಮೇಲೆ.

ಈ ಹಳೆಯ ರೈಫಲ್ ಕೂಡಿಸುವವರಿಗೆ ಒಂದು ರೋಗವಿದೆ. ಸೈನ್ಯದವರು ಯುದ್ಧ ಮುಗಿದ ಮೇಲೆ ಬಂದೂಕುಗಳನ್ನೆಲ್ಲ ಬಿಚ್ಚಿ, ತೊಳೆದು, ಕೈಗೆ ಸಿಕ್ಕಿದ ಬಿಡಿಭಾಗ ಜೋಡಿಸಿ ಬಿಟ್ಟಿದ್ದಾರೆ. ಇವರು ಒಂದೊಂದು ಸ್ಪ್ರಿಂಗನ್ನೂ ಹುಡುಕಿ ಹುಡುಕಿ, ಅದೇ ಕಾರ್ಖಾನೆಯ ಅದೇ ಕಾಲದ ತುಣುಕನ್ನೇ ತಂದು ಕೂರಿಸುತ್ತಾರೆ. ಅದಕ್ಕೆ ಇವರಿಟ್ಟ ಹೆಸರು ‘ಸರಿ ಮಾಡುವುದು’. ಬಂದೂಕು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗಾಗಬೇಕು. ನಡುವೆ ಅದನ್ನು ಹಿಡಿದವನು ಬದುಕಿದ್ದು, ಅತ್ತದ್ದು, ಕೊಂದದ್ದು ಎಲ್ಲವೂ ಇವರ ಲೆಕ್ಕದಲ್ಲಿ ಕೊಳೆ. ಆರ್ವಲ್‌ನ ಬಂದೂಕಿನಲ್ಲಿ ಕಬ್ಬಿಣವೆಲ್ಲ ಒಂದೇ ಕಾರ್ಖಾನೆಯದು. ಕೆಟ್ಟದ್ದು ಆ ತೂತಿನ ಹಿಡಿ ಒಂದೇ. ಕರ್ಟಿಸ್ ಊರೂರು ಅಲೆದು ಅದೇ ಕಾಲದ, ಕಲೆಯಿಲ್ಲದ ಇನ್ನೊಂದು ಹಿಡಿ ತಂದ.

ಶನಿವಾರ ಮಧ್ಯಾಹ್ನ ವೆಂಡಲ್‌ನ ಅಂಗಡಿಯಲ್ಲಿ ಇಬ್ಬರೂ ಸೇರಿ ಬಂದೂಕನ್ನು ಬಿಚ್ಚಿದರು. ಗುಂಡು ಹಾರಿಸುವ ಕುದುರೆಯ ಕೆಳಗಿನ ಬಳೆ ಎಳೆದರೆ ಸಾಕು, ಮರ ಬೇರೆ, ಕಬ್ಬಿಣ ಬೇರೆ. ಆಮೇಲೆ ಕರ್ಟಿಸ್ ಸುಮ್ಮನಿರಲಾರದೆ ಇಕ್ಕಳ ತೆಗೆದುಕೊಂಡು ಬೆಣೆಯನ್ನೂ ಕಿತ್ತ. ತೂತಿನೊಳಗಿಂದ ಕೊಳೆತ ಬಟ್ಟೆಯ ಚೂರು ಬಂತು, ಅದರೊಳಗೆ ಒಂದು ಸುರುಳಿ ಕೂದಲು, ಅರ್ಧಚಂದ್ರದಂತೆ ಕತ್ತರಿಸಿದ ಒಂದು ಹಳದಿ ಉಗುರು.

ವೆಂಡಲ್ ಹಿಂದೆ ಸರಿದ. “ತಿರುಗಿ ಹಾಕು ಅದನ್ನ.”

“ಏನೋ ಇದು?”

“ನಮ್ಮಜ್ಜಿನೂ ಮಾಡ್ತಿದ್ಲು. ಮಕ್ಕಳಿಗೆ ಉಬ್ಬಸ ಬಂದ್ರೆ ಮರಕ್ಕೆ ತೂತು ಕೊರೆದು, ಮಗೂ ಕೂದಲು ತುರುಕಿ ಬೆಣೆ ಹೊಡೆಯೋಳು. ಉಬ್ಬಸ ಮರದಲ್ಲೇ ಉಳೀತಿತ್ತು.”

“ಹಾಗಾದ್ರೆ ಆರ್ವಲ್‌ಗೆ ಉಬ್ಬಸ ಇತ್ತು ಅನ್ನು.”

“ಉಬ್ಬಸಕ್ಕೆ ಯಾರೂ ಬಂದೂಕಿಗೆ ತೂತು ಕೊರೆಯಲ್ಲ ಮಾರಾಯ. ಬೇಡ, ಮುಚ್ಚು.”

ಕರ್ಟಿಸ್‌ಗೆ ಇದಕ್ಕಿಂತ ತಮಾಷೆ ಇನ್ನೊಂದು ಬೇಕಿರಲಿಲ್ಲ. ಒಲೆಯ ಬಾಗಿಲು ತೆಗೆದು ಹಿಡಿಯನ್ನೂ ಕೂದಲನ್ನೂ ಒಟ್ಟಿಗೆ ಒಳಗೆ ನೂಕಿದ. ಎಣ್ಣೆ ಕುಡಿದ ಮರ ಬುಸುಗುಟ್ಟಿತು. ಸುಟ್ಟ ಕೂದಲ ವಾಸನೆ ಅಂಗಡಿಯನ್ನೆಲ್ಲ ತುಂಬಿತು. ವೆಂಡಲ್ ಕೋಟು ಹಾಕಿಕೊಂಡು ಮಂಜು ಬೀಳುತ್ತಿದ್ದ ಅಂಗಳಕ್ಕೆ ಹೋಗಿ ನಿಂತ. ಹೊಸ ಹಿಡಿ ಕೂರಿಸಿದ ಬಂದೂಕನ್ನು ಕರ್ಟಿಸ್ ಹೆಮ್ಮೆಯಿಂದ ಮನೆಗೆ ಒಯ್ದ.

ಮೊದಲು ಬದಲಾದದ್ದು ಅವನ ಬಲಗೈ ತೋರುಬೆರಳು. ಊಟಕ್ಕೆ ಕೂತಾಗ ಚಮಚದ ಮೇಲೆ ಅದು ತನ್ನಷ್ಟಕ್ಕೆ ಮಡಚಿತು, ಬಿಚ್ಚಿತು, ಮಡಚಿತು. ಕಾರಿನ ಸ್ಟಿಯರಿಂಗ್ ಮೇಲೂ ಹಾಗೆಯೇ. ಚಳಿಗೆ ಎಂದುಕೊಂಡ, ನರದ ದೌರ್ಬಲ್ಯ ಎಂದುಕೊಂಡ, ಡಾಕ್ಟರು ಮಾತ್ರೆ ಕೊಟ್ಟರು. ಸುಟ್ಟ ಕೂದಲ ವಾಸನೆ ಅವನ ಅಂಗಿಯಿಂದ ಹೋಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಸೋಫಾದ ಮೇಲೆ ಲೊರೇನ ಅವನ ಹೆಗಲಿಗೆ ಒರಗಿ ಕಾಫಿ ಕುಡಿಯುತ್ತಿದ್ದಳು. ಆ ಬೆರಳು ಅವಳ ಮುಂಗೈ ಮೇಲೆ ಎಳೆಯಿತು. ಒಂದು ಸಲ, ಇನ್ನೊಂದು ಸಲ, ಒಂದೇ ಲಯದಲ್ಲಿ.

“ನೋಯುತ್ತೆ ಕರ್ಟ್. ಬಿಡು.”

ಬಿಡಲಾಗಲಿಲ್ಲ. ಎಡಗೈಯಿಂದ ಬಿಡಿಸಿಕೊಳ್ಳಬೇಕಾಯಿತು. ಅವಳ ಚರ್ಮದ ಮೇಲೆ ನೀಲಿ ಕಲೆ ಬಿದ್ದಿತ್ತು. ಅಂದಿನಿಂದ ಲೊರೇನ ಅವನ ಎಡಗಡೆಗೇ ಕೂರತೊಡಗಿದಳು. ಅದು ಅವನಿಗೆ ಚುಚ್ಚಿತು.

ಮಾರನೆಯ ದಿನ ಅವನು ಒಲೀಟಳ ಬಾಗಿಲು ತಟ್ಟಿದ. ಈ ಸಲ ನಗು ಇರಲಿಲ್ಲ.

“ಮರ ಎಲ್ಲಿ?” ಎಂದಳು ಮುದುಕಿ, ಬಾಗಿಲಲ್ಲೇ ನಿಂತು.

“ಸುಟ್ಟೆ.”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಒಳಗೆ ಕರೆಯಲಿಲ್ಲ.

“ಅಲ್ಲಿ ಕೊರಿಯಾದ ಗುಡ್ಡದ ಮೇಲೆ ನಮ್ಮ ಸಿಪಾಯಿಗಳಿಗೆ ಶತ್ರು ಯಾರು, ಊರೋರು ಯಾರು, ಗೊತ್ತಾಗ್ತಿರ್ಲಿಲ್ಲವಂತೆ. ಒಬ್ಬ ಹುಡುಗ ಎರಡು ಕೈಲೂ ಬಟ್ಟಲು ಹಿಡ್ಕೊಂಡು ಹತ್ತಿ ಬಂದ. ಹಸಿದಿದಾರೆ ಅಂತ ಗಂಜಿ ತಂದಿದ್ದ. ನಮ್ಮೋನು ಗುಂಡು ಹೊಡೆದ. ಆಮೇಲೆ ಆ ಹುಡುಗನ ತಾಯಿ ಬಂದ್ಲು. ಅಳಲಿಲ್ಲವಂತೆ. ಇವನ ಈ ತೋರುಬೆರಳು ಹಿಡ್ಕೊಂಡು ಅವರ ಭಾಷೇಲಿ ಏನೋ ಅಂದ್ಲು. ಇವನಿಗೆ ಒಂದಕ್ಷರ ಅರ್ಥ ಆಗ್ಲಿಲ್ಲ. ಬೆರಳಿಗೆ ಆಯ್ತು.”

“ಆಮೇಲೆ?”

“ಆಮೇಲೆ ಏನು. ಮನೆಗೆ ಬಂದ. ಅನ್ನ ಹಿಡ್ಕೊಂಡು ಎದುರಿಗೆ ಬಂದೋರ ಮೇಲೆಲ್ಲ ಬಂದೂಕು ಎತ್ತೋನು. ನನ್ನ ಮೇಲೂ ಎತ್ತಿದ. ಆಗ ಅತ್ತೆ ಕಟ್ಟಿದ್ಲು.”

“ನೀವೂ ಕಟ್ಟಿ. ಬೇರೆ ಮರಕ್ಕೆ.”

“ನಂಗೆ ಬರಲ್ಲ ಮಗಾ. ಬರೋರೆಲ್ಲ ನಮ್ಮೂರ ಗುಡ್ಡದ ಮೇಲೆ ಮಣ್ಣಲ್ಲಿದಾರೆ.” ಅವಳು ಬಾಗಿಲು ಮುಚ್ಚುತ್ತ ಅಂದಳು, “ಬಂದೂಕನ್ನ ನದಿಗೆ ಎಸೆ. ಇವತ್ತೇ ಎಸೆ.”

ಅವನು ಮನೆ ಸೇರುವಾಗ ಮಂಜಿನ ಮಳೆ ಶುರುವಾಗಿತ್ತು. ಬೀಳುವ ಹನಿ ಬಿದ್ದಲ್ಲೇ ಹೆಪ್ಪುಗಟ್ಟಿ, ಕೊಂಬೆಗಳು ಮುರಿಯುವ ಸದ್ದು ಕಣಿವೆಯುದ್ದಕ್ಕೂ ಕೇಳುತ್ತಿತ್ತು. ಕರೆಂಟು ಹೋಗಿತ್ತು. ಮಧ್ಯಾಹ್ನವೇ ಮನೆಯೊಳಗೆ ಮಬ್ಬು ಕವಿದಿತ್ತು. ಲೊರೇನ ಗ್ಯಾಸ್ ಒಲೆಯ ಮೇಲೆ ಸೂಪು ಕಾಯಿಸುತ್ತಿದ್ದಳು. ಅವನು ಅವಳಿಗೆ ಏನೂ ಹೇಳದೆ ಬಂದೂಕು ತರಲು ನೆಲಮಾಳಿಗೆಗೆ ಇಳಿದ.

ಕೆಳಗೆ ಕತ್ತಲು. ಒದ್ದೆ ಸಿಮೆಂಟಿನ ವಾಸನೆ, ಅಗಸೆ ಎಣ್ಣೆಯ ವಾಸನೆ. ಅವೆರಡರ ಕೆಳಗೆ ಸುಟ್ಟ ಕೂದಲು. ಗೋಡೆಯ ಮೇಲಿನ ಕಿಂಡಿಯಿಂದ ಬೂದು ಬೆಳಕು ಮೇಜಿನ ಮೇಲೆ ಬಿದ್ದಿತ್ತು. ಬಂದೂಕು ಅಲ್ಲಿತ್ತು, ಮೂತಿ ಮೆಟ್ಟಿಲ ಕಡೆಗೆ. ಅವನು ಹಾಗೆ ಇಟ್ಟಿರಲಿಲ್ಲ. ಗುಂಡಿನ ಗೂಡನ್ನು ಮುಚ್ಚುವ ಬೋಲ್ಟು ಹಿಂದಕ್ಕೆ ಸರಿದು ನಿಂತಿತ್ತು, ಗುಂಡು ತುಂಬುವ ಬಾಯಿ ತೆರೆದಿತ್ತು.

ಅವನ ಬಲಗೈ ಕೋಟಿನ ಜೇಬಿಗೆ ಹೋಯಿತು. ಹೋಗು ಎಂದು ಅವನು ಹೇಳಿರಲಿಲ್ಲ. ಹೊರಗೆ ಬಂದಾಗ ಅದರಲ್ಲಿ ಗುಂಡುಗಳ ಒಂದು ಕ್ಲಿಪ್ ಇತ್ತು. ವೆಂಡಲ್‌ನ ಕಪಾಟಿನದು. ಈ ಕೈ ಅದನ್ನು ಯಾವಾಗ ಕದ್ದಿತು, ಎಷ್ಟು ದಿನದಿಂದ ಅದು ಇದೇ ಸೂರಿನ ಕೆಳಗೆ ನೇತಾಡುತ್ತಿದೆ, ಅವನಿಗೆ ಗೊತ್ತಿರಲಿಲ್ಲ.

“ಕರ್ಟ್? ಕೆಳಗೇನು ಮಾಡ್ತಿದ್ದೀಯ ಈ ಕತ್ತಲಲ್ಲಿ?”

ಮೇಲಿನ ಬಾಗಿಲು ತೆರೆಯಿತು.

“ಬರ್ಬೇಡ,” ಅನ್ನಬೇಕೆಂದ. ನಾಲಗೆ ಏಳಲಿಲ್ಲ.

“ಚಳಿಗೆ ಸತ್ತೋಗ್ತೀಯ. ಇರು, ಸೂಪು ಅಲ್ಲೇ ತರ್ತೀನಿ.”

ಮೆಟ್ಟಿಲು ಕಿರುಗುಟ್ಟಿತು. ಮೊದಲು ಅವಳ ಚಪ್ಪಲಿ ಕಂಡಿತು. ಆಮೇಲೆ ಲಂಗದ ಅಂಚು. ಆಮೇಲೆ ಕೈಗಳು. ಎರಡೂ ಕೈ. ಕೈಗಳ ನಡುವೆ ಬಟ್ಟಲು. ಬಟ್ಟಲಿಂದ ಹಬೆ.

ಬಲಗೈ ಕ್ಲಿಪ್ಪನ್ನು ಬಂದೂಕಿನ ಬಾಯಿಗಿಟ್ಟಿತು. ಒತ್ತತೊಡಗಿತು. ಮಣ್ಣಿನ ವಾಸನೆ. ಹಿಮದ ವಾಸನೆ. ಯಾರೋ ಹೆಂಗಸು ಕಿವಿಯ ಹತ್ತಿರ ಮೆಲ್ಲಗೆ ಏನೋ ಹೇಳುತ್ತಿದ್ದಳು. ಒಂದಕ್ಷರ ತಿಳಿಯಲಿಲ್ಲ. ಬೆರಳು ಕುಣಿಯಿತು.

ಈ ರೈಫಲ್ಲಿನಲ್ಲಿ ಕ್ಲಿಪ್ ಕೆಳಗಿಳಿದ ಕೂಡಲೇ ಬೋಲ್ಟು ಮುಂದಕ್ಕೆ ಚಿಮ್ಮುತ್ತದೆ. ಅಷ್ಟರೊಳಗೆ ಕೈ ತೆಗೆಯದಿದ್ದರೆ ಬೆರಳು ಜಜ್ಜುತ್ತದೆ. ಹೊಸಬರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು ಅದು. ಎಡಗೈ ಇನ್ನೂ ಕರ್ಟಿಸ್‌ನದೇ ಆಗಿತ್ತು. ಆ ಎಡಗೈಯಿಂದ ತನ್ನ ತೋರುಬೆರಳನ್ನು ಹಿಡಿದ. ಅದು ಹೊರಳಿತು. ಬಿಡಲಿಲ್ಲ. ತೆರೆದ ಬಾಯಿಯೊಳಗೆ ಅದನ್ನು ತುರುಕಿದ. ಒತ್ತಿ ಹಿಡಿದ.

ಬೋಲ್ಟು ಬಡಿಯಿತು.

ಮೂಳೆ ನುರಿದ ಸದ್ದು ಮೆಟ್ಟಿಲವರೆಗೂ ಕೇಳಿಸಿತು. ಬಂದೂಕು ಕಚ್ಚಿಕೊಂಡಿತ್ತು, ಮುಚ್ಚಲಿಲ್ಲ. ಮುಚ್ಚದೆ ಗುಂಡು ಹಾರದು. ಆದರೂ ಬಲಗೈ ಕುದುರೆಯ ಕಡೆಗೆ ಎಳೆಯುತ್ತಲೇ ಇತ್ತು. ಎಳೆಯಿತು. ಚರ್ಮ ಹರಿಯಿತು. ಇನ್ನೂ ಎಳೆಯಿತು. ಬಟ್ಟಲು ಬಿದ್ದು ಒಡೆಯಿತು. ಲೊರೇನ ಮೆಟ್ಟಿಲ ನಡುವೆ ನಿಂತು ತನ್ನೆದೆಗೆ ನೇರವಾಗಿದ್ದ ಮೂತಿಯನ್ನು ನೋಡುತ್ತಿದ್ದಳು. ಅವಳು ಕೂಗಲಿಲ್ಲ. ಈ ನೋಟ ಅವಳಿಗೆ ಹೊಸದಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಬೆರಳನ್ನು ಬುಡದವರೆಗೂ ತೆಗೆಯಬೇಕಾಯಿತು. ಬಂದೂಕು ಒರೆಸುವಾಗ ಸಿಕ್ಕಿಕೊಂಡಿತು ಎಂದು ಲೊರೇನಳೇ ಪೊಲೀಸರಿಗೆ ಹೇಳಿದಳು. ಆಮೇಲೆ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ, ಎಡಗಡೆ, ಕೂತಳು.

“ಈಗ ಹೇಳು.”

ಅವನು ಎಲ್ಲವನ್ನೂ ಹೇಳಿದ. ಬೆಣೆ, ಕೂದಲು, ಬಟ್ಟಲು, ಆ ತಾಯಿ. ಹೇಳುವಾಗ ತನ್ನ ಕಿವಿಗೇ ಅದು ಕುಡುಕನ ಸಬೂಬಿನಂತೆ ಕೇಳಿಸಿತು. ಇಂಥ ಮಾತು ಆಡುವವರನ್ನು ಕಂಡು ಎಷ್ಟು ನಕ್ಕಿದ್ದನೆಂದು ನೆನಪಾಗಿ ಕಣ್ಣಲ್ಲಿ ನೀರು ಬಂತು.

“ಅವನೂ ಹೀಗೇ ಅಂದಿದ್ದ,” ಎಂದಳು ಲೊರೇನ, ಮೊದಲ ಗಂಡನನ್ನು ನೆನೆದು. “ನಾನಲ್ಲ, ನನ್ನ ಕೈ ಅಂತ.”

“ನಿನ್ನ ಉಳಿಸೋಕೆ ಬೆರಳು ಕೊಟ್ಟಿದೀನಿ ಲೊರೇನ. ನೀನೇ ನೋಡಿದ್ದೀಯ.”

ಅವಳು ಕೈ ಚಾಚಿ ಅವನ ಬ್ಯಾಂಡೇಜಿನ ಮೇಲೆ ಮೆಲ್ಲಗೆ ಇಟ್ಟಳು. ನಂಬಿದವಳಂತೆ ಇಟ್ಟಳು. ಅವನಿಗೆ ಎಷ್ಟೋ ದಿನದ ಮೇಲೆ ಉಸಿರು ಹಗುರಾಯಿತು.

ಆಗ ಬ್ಯಾಂಡೇಜಿನ ಕೆಳಗೆ, ಬೆರಳೇ ಇಲ್ಲದ ಜಾಗದಲ್ಲಿ, ಏನೋ ಎಳೆಯಿತು. ಒಂದು ಸಲ. ಇನ್ನೊಂದು ಸಲ. ಲೊರೇನಳ ಅಂಗೈಯನ್ನು ಅದು ಮಡಚಿ ಒತ್ತಿತು, ಗಟ್ಟಿಯಾಗಿ, ತಣ್ಣಗೆ.

ಅವಳು ಕೈ ಹಿಂದೆ ತೆಗೆದುಕೊಂಡಳು. ಎದ್ದು ಕೋಟು ಹಾಕಿಕೊಂಡಳು.

“ನಂಬಿದೆ ಕರ್ಟ್,” ಎಂದಳು. “ಸುಳ್ಳು ಹೇಳ್ತಿದ್ದೀಯ ಅಂದ್ಕೊಂಡಿದ್ರೆ ಬೈದು, ಅತ್ತು, ಇದ್ದುಬಿಡ್ತಿದ್ದೆನೋ ಏನೋ. ಈಗ ನಂಬಿದೆ.”

ಬಾಗಿಲ ಬಳಿ ಅವಳು ಒಮ್ಮೆ ತಿರುಗಿದಳು. ಕೈ ಎತ್ತಿ ಅವಳನ್ನು ಕರೆಯಬೇಕೆಂದು ಕರ್ಟಿಸ್‌ನ ಜೀವ ಹಾತೊರೆಯಿತು. ಅವನು ಬಲಗೈಯನ್ನು ತೊಡೆಯ ಕೆಳಗೆ ತುರುಕಿ, ಅವಳ ಕಾರಿನ ಸದ್ದು ಅಡಗುವವರೆಗೂ ಅದರ ಮೇಲೆ ಮೈಯ ಭಾರವನ್ನೆಲ್ಲ ಹಾಕಿ ಕೂತಿದ್ದ.