ಜಿಪ್ಪಿನ ವಿಡಿಯೋ

“ಏನಲೇ ಇದು? ನಿನ್ನ ವಿಡಿಯೋಕ್ಕ ಬಾಯೇ ಇಲ್ಲಲ್ಲ!”

ಮೇಸ್ತ್ರಿ ತಿಪ್ಪೇರುದ್ರಪ್ಪ ಫೋನನ್ನು ಎತ್ತಿ ಹಿಡಿದು, ದನಿಯಿಲ್ಲದೆ ಓಡುತ್ತಿದ್ದ ವಿಡಿಯೋವನ್ನು ಎಲ್ಲರಿಗೂ ತೋರಿಸಿದ. ಜೀನ್ಸ್ ಶೆಡ್ಡಿನಲ್ಲಿ ಅದು ಸಂಜೆಯ ಚಹಾದ ಹೊತ್ತು. ಮಿಷಿನ್‌ಗಳು ನಿಂತಿದ್ದವು. ಅವನ ಮಾತು ಮೂಲೆಮೂಲೆಗೂ ಕೇಳಿತು.

“ಆದಿಲಕ್ಷ್ಮಿ, ನಿನ್ನ ಮಗ ಕಂಪ್ಯೂಟರ್‌ದಾಗಿಂದ ಇಳಿಸ್ಕೊಂಡು ಬಂದಾನಂತ. ಕೋತಿ ಕೈಯಾಗ ಕಂಪ್ಯೂಟರ್ ಕೊಟ್ಟಾರ ನೋಡ್ರಿ! ಇದನ್ನ ನೋಡಿ ನಾಳೆ ಜಿಪ್ ಕೂಡಸ್ತೀಯೇನು? ಸುಮ್ನ ದಾರ ಕತ್ತರಿಸ್ಕೊಂತ ಕುಂದ್ರು.”

ಎಲ್ಲರೂ ನಕ್ಕರು. ಒಬ್ಬಳ ಬಾಯಿಂದ ಚಹಾ ಚಿಮ್ಮಿತು. ಅಲ್ಲೇ ನಿಂತಿದ್ದ ಮಗ ಶಶಿಧರನ ಕಿವಿಗಳು ಕಾದ ಹಂಚಿನಂತಾದವು. ಅಮ್ಮ ಎದ್ದು ಬಂದಳು. ಫೋನು ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಗುಡಿಬಂಡೆ ಬಿಟ್ಟು ರಾಯದುರ್ಗಕ್ಕೆ ಬಂದಾಗಿನಿಂದ ಅಮ್ಮನದು ಒಂದೇ ಕೆಲಸ. ಹೊಲಿದು ಮುಗಿದ ಪ್ಯಾಂಟುಗಳಿಂದ ಜೋತಾಡುವ ದಾರ ಕತ್ತರಿಸುವುದು. ಈಗ ಒಂದು ಮಿಷಿನ್ ಖಾಲಿಯಾಗಿತ್ತು. ನಾಳೆ ಬೆಳಿಗ್ಗೆ ಟ್ರಯಲ್. ಪ್ಯಾಂಟಿಗೆ ಜಿಪ್ ಸರಿಯಾಗಿ ಕೂರಿಸಿದರೆ ಆ ಮಿಷಿನ್ ಅಮ್ಮನದು. ಇಲ್ಲದಿದ್ದರೆ ಬೇರೆಯವರದು.

ಅಮ್ಮನ ಫೋನಿಗೆ ನೆಟ್ ಇರಲಿಲ್ಲ. “ನಾನು ವಿಡಿಯೋ ತಂದ್ಕೊಡ್ತೀನಿ, ಎಷ್ಟ್ ಸಲ ಬೇಕಾದ್ರೂ ನೋಡು” ಎಂದು ಶಶಿಧರ ಮಾತು ಕೊಟ್ಟಿದ್ದ. ಈಗ ಏನಾಯಿತು? ಅವನು ಸ್ಕೂಲಿನ ಕಡೆ ಓಡಿದ.

ಕಂಪ್ಯೂಟರ್ ಕಲಿಸುವ ರಂಗನಾಥ್ ಸರ್ ಲ್ಯಾಬಿಗೆ ಬೀಗ ಹಾಕುತ್ತಿದ್ದರು.

“ಸರ್, ಸರ್! ಐದೇ ನಿಮಿಷ ಸರ್! ವಿಡಿಯೋದಾಗ ಸೌಂಡೇ ಬಂದಿಲ್ಲ ಸರ್!”

ಸರ್ ಮತ್ತೆ ಬಾಗಿಲು ತೆರೆದರು. ವಿಡಿಯೋ ಇಳಿಸುವುದನ್ನು ಕಲಿಸಿದವರು ಅವರೇ. ಅದಕ್ಕೆ ಬಳಸುವುದು ಯಾರೋ ಬರೆದು ಎಲ್ಲರಿಗೂ ಕೊಟ್ಟಿರುವ ಒಂದು ಪುಟ್ಟ ಲೈಬ್ರರಿ. ಪುಸ್ತಕದ ಲೈಬ್ರರಿಯಲ್ಲ, ಕಂಪ್ಯೂಟರಿಗೆ ಕೊಡುವ ಆದೇಶಗಳ, ಅಂದರೆ ಕೋಡಿನ ಲೈಬ್ರರಿ. ನಾವು ಮೂರು ಸಾಲು ಬರೆದರೆ ಸಾಕು, ಉಳಿದ ಕೆಲಸವನ್ನು ಅದೇ ಮಾಡುತ್ತದೆ. “ಪಾಠದ ವಿಡಿಯೋಕ್ಕಷ್ಟೇ, ಸಿನಿಮಾಕ್ಕಲ್ಲ” ಎಂದು ಸರ್ ಕಿವಿ ಹಿಂಡಿ ಹೇಳಿದ್ದರು.

“ಎಲ್ಲಕ್ಕಿಂತ ದೊಡ್ಡ ಸೈಜ್ ಆರಿಸೀಯೇನು?” ಸರ್ ಕೇಳಿದರು.

“ಹೌದ್ರಿ ಸರ್. ದೊಡ್ಡದು ಚಲೋ ಇರ್ತೈತಿ ಅಂತ...”

“ದೊಡ್ಡದ್ರಾಗ ಚಿತ್ರ ಒಂದೇ ಇರ್ತೈತಪ್ಪಾ. ದನಿ ಬೇರೆ ಫೈಲ್‌ದಾಗ ಇರ್ತೈತಿ. ಸಣ್ಣದ್ರಾಗ ಎರಡೂ ಕೂಡಿ ಬರ್ತಾವು. ಈಗ ಸಣ್ಣದು ತಗೊ.”

ಶಶಿಧರ ಟೈಪ್ ಮಾಡಿದ. ಎಂಟರ್ ಒತ್ತಿದ. ಪರದೆಯ ತುಂಬ ಕೆಂಪು ಅಕ್ಷರ. ಎರರ್! ಇನ್ನೊಮ್ಮೆ ಒತ್ತಿದ. ಮತ್ತೆ ಎರರ್.

ಸರ್ ಕನ್ನಡಕ ಸರಿಸಿ ಓದಿದರು. “ವಿಡಿಯೋ ಸೈಟಿನವ್ರು ಒಳಗ ಏನೋ ಬದಲಿ ಮಾಡ್ಯಾರ. ಅದಕ್ಕ ಈ ಲೈಬ್ರರಿ ಕೆಲಸ ಮಾಡವಲ್ದು. ಬರೆದವ್ರು ರಿಪೇರಿ ಮಾಡೋ ತನಕ ಕಾಯ್ಬೇಕು.”

“ಯಾವಾಗ ಮಾಡ್ತಾರ್ರಿ ಸರ್?”

“ನಾಳೆನೋ, ಮುಂದಿನ ವಾರಾನೋ.”

ನಾಳೆ ಬೆಳಿಗ್ಗೆಯೇ ಟ್ರಯಲ್!

ಮನೆಗೆ ಬಂದಾಗ ಅಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ಮೊಣಕಾಲಿಗೆ ಫೋನು ಒರಗಿಸಿಕೊಂಡಿದ್ದಳು. ತೊಡೆಯ ಮೇಲೆ ಹರಿದ ಪ್ಯಾಂಟೊಂದಿತ್ತು. ಅದರ ಮೇಲೆ ಬೆರಳಿನಿಂದ ಗೀಚುತ್ತಿದ್ದಳು.

“ಯಾಕ್ ಮಗ, ಮಖ ಹಿಂಗ್ ಮಾಡ್ಕಂಡಿದೀಯ?”

“ಸೌಂಡ್ ಸಿಗ್ಲಿಲ್ಲಮ್ಮ.” ಅವನು ಗೋಡೆಗೆ ಒರಗಿದ. “ವಿಡಿಯೋದಲ್ಲಿ ಹೊಲಿಯೋರು ಹಿಂದೀಲಿ ಹೇಳ್ತಾರೆ. ನಾನೇ ನಿಂಗೆ ಬಿಡಿಸಿ ಹೇಳ್ಬೇಕು ಅಂತಿದ್ದೆ.”

“ನಿಂಗೇ ಹಿಂದೀಲಿ ಬರಾದು ಹನ್ನೆರಡು ಮಾರ್ಕು!” ಅಮ್ಮ ನಕ್ಕಳು. “ಸುಮ್ಕೆ ಕೂತ್ಕ. ಇಲ್ನೋಡು, ಸೂಜಿ ಎಲ್ಲಿ ಇಳೀತದೆ, ಬಟ್ಟೆ ಯಾವಾಗ ತಿರುಗಿಸ್ತಾಳೆ, ಎಲ್ಲಾ ಕಾಣ್ತದೆ.”

ಅವನು ಇಣುಕಿದ. ಪರದೆಯ ತುಂಬ ಒಂದು ಜೊತೆ ಕೈ. ಅಮ್ಮ ನಿಲ್ಲಿಸಿದಳು, ಹಿಂದಕ್ಕೆ ಎಳೆದಳು, ಮತ್ತೆ ನೋಡಿದಳು. ಬಿಡಿಸಿ ಹೇಳಲು ಅವನಿಗೆ ಏನೂ ಉಳಿದಿರಲಿಲ್ಲ.

ಬೆಳಿಗ್ಗೆ ಸ್ಕೂಲಿಗೆ ಹೋಗುವ ದಾರಿಯಲ್ಲಿ ಶಶಿಧರ ಶೆಡ್ಡಿನ ಶಟರ್ ಪಕ್ಕ ನಿಂತ. ಅಮ್ಮ ಮಿಷಿನ್ ಮುಂದೆ ಕೂತಿದ್ದಳು. ಅವಳ ಕುತ್ತಿಗೆ ಬೆವರಿತ್ತು.

ಮೊದಲ ಜಿಪ್ ಸೊಟ್ಟಗೆ ಕೂತಿತು. ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು.

“ಬಿಚ್ಚು!” ಎಂದ ಮೇಸ್ತ್ರಿ. “ಇನ್ನೊಂದ ಸಲ. ಇದ ಕಡೀದು.”

ಶಶಿಧರ ಬ್ಯಾಗಿನ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ಅಮ್ಮ ಹೊಲಿಗೆ ಬಿಚ್ಚಿದಳು. ಬಟ್ಟೆಯನ್ನು ಉಗುರಿನಿಂದ ತೀಡಿದಳು. ಮಿಷಿನ್ ಗರ್ ಎಂದಿತು, ನಿಂತಿತು. ಬಟ್ಟೆ ತಿರುಗಿತು. ಮತ್ತೆ ಗರ್ ಎಂದಿತು.

ತಿಪ್ಪೇರುದ್ರಪ್ಪ ಜಿಪ್ಪನ್ನು ಸರ್ರನೆ ಮೇಲೆಳೆದ. ಕೆಳಗೆಳೆದ. ಇನ್ನೊಮ್ಮೆ ಎಳೆದ. ಪ್ಯಾಂಟನ್ನು ಮುಗಿದ ಮಾಲಿನ ಗುಡ್ಡೆಗೆ ಎಸೆದ. ಜಿಪ್ ಕೂರಿಸಬೇಕಾದ ಪ್ಯಾಂಟುಗಳ ಕಟ್ಟೊಂದನ್ನು ತಂದು ಅಮ್ಮನ ಮುಂದೆ ದಪ್ಪನೆ ಹಾಕಿದ.

ಶಶಿಧರ ಉಸಿರು ಬಿಟ್ಟ. ಆಗ ಮೇಸ್ತ್ರಿಯ ಕಣ್ಣು ಅವನ ಮೇಲೆ ಬಿತ್ತು.

“ಏನ್ ನಿಂತೀಯಲೇ ಅಲ್ಲಿ? ‘ನಮ್ಮವ್ವಗ ನಾನೇ ಕಲಿಸೀನಿ’ ಅಂತ ಹೇಳಾಕ ನಿಂತೀಯೇನು?”

ಶೆಡ್ಡಿನವರೆಲ್ಲ ಅವನತ್ತ ತಿರುಗಿದರು. ಅಮ್ಮ ಮಾತ್ರ ತಿರುಗಲಿಲ್ಲ. ಎರಡನೇ ಪ್ಯಾಂಟು ಆಗಲೇ ಸೂಜಿಯ ಕೆಳಗಿತ್ತು.

ಮೇಸ್ತ್ರಿಗೆ ತಿರುಗಿ ಹೇಳಬೇಕೆಂದು ನಿನ್ನೆಯಿಂದ ಕಟ್ಟಿಕೊಂಡಿದ್ದ ಮಾತುಗಳೆಲ್ಲ ಶಶಿಧರನ ನಾಲಿಗೆಯ ತುದಿಯವರೆಗೆ ಬಂದವು. ಅವನು ಅಮ್ಮನ ಕೈಗಳನ್ನು ನೋಡಿದ.

ಆಮೇಲೆ ಬ್ಯಾಗನ್ನು ಹೆಗಲಿಗೇರಿಸಿ ಸ್ಕೂಲಿನ ಕಡೆ ನಡೆದ.