ಮಾತು ಬಿಟ್ಟವರು ನೇಯ್ದ ತಂತಿ

ಒಮ್ಮೆ ಹರಿಸಿದ ವಿದ್ಯುತ್ತು ನಲವತ್ತು ದಿನಗಳಿಂದ ಆ ಸುರುಳಿಯೊಳಗೆ ಸುತ್ತುತ್ತಲೇ ಇತ್ತು. ಎಳ್ಳಷ್ಟೂ ಸವೆದಿರಲಿಲ್ಲ, ಸುರುಳಿ ಬೆಚ್ಚಗೂ ಆಗಿರಲಿಲ್ಲ. ಅದನ್ನು ರೂಪಿಸಿದ ಡಾ. ಪ್ರಹ್ಲಾದ ಹುಯಿಲಗೋಳರಿಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಶುಕ್ರವಾರದ ಪರೀಕ್ಷೆಗೆ ಇಂಥದೇ ಎರಡನೆಯ ಸುರುಳಿ ಬೇಕು. ಇಲ್ಲದಿದ್ದರೆ ಗುಳೇದಗುಡ್ಡದ ಈ ಪ್ರಯೋಗಾಲಯಕ್ಕೆ ಬೀಗ.

ಸುರುಳಿ ಸುತ್ತಿದ್ದು ಅತಿವಾಹಕ ಪಟ್ಟಿಯಿಂದ; ಅದರಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ, ತಡೆಯೇ ಇಲ್ಲದೆ ಹರಿಯುತ್ತವೆ. ಆ ಪಟ್ಟಿ ನೇಯುವ ಹದ ಯಾವ ಯಂತ್ರಕ್ಕೂ ಸಿಕ್ಕಿರಲಿಲ್ಲ. ಸಿಕ್ಕಿದ್ದು ಕುಪ್ಪಸದ ಖಣ ನೇಯುವ ಮಗ್ಗದಲ್ಲಿ ಪಳಗಿದ ನೆಗೆಣ್ಣಿಯರಿಬ್ಬರಿಗೆ: ಅಣ್ಣನ ಹೆಂಡತಿ ನಿಂಬೆವ್ವ, ತಮ್ಮನ ಹೆಂಡತಿ ಶಾವಂತ್ರೆವ್ವ. ಹನ್ನೊಂದು ವರ್ಷಗಳಿಂದ ಅವರಿಗೆ ಮಾತಿಲ್ಲ. ಹೇಳುವುದನ್ನೆಲ್ಲ ಮಗ್ಗಕ್ಕೇ ಹೇಳುತ್ತಿದ್ದರು. "ಏ ಮಗ್ಗಾ, ನಂದು ಎಳದಾತು" ಎಂದು ಒಬ್ಬಳು ಅಂದ ಮೇಲೆಯೇ ಇನ್ನೊಬ್ಬಳು ತನ್ನ ತುದಿ ಎಳೆಯುವಳು.

"ಒಂದನ್ನೊಂದು ದೂಡೋ ಎಲೆಕ್ಟ್ರಾನು ಜೋಡಿ ಹ್ಯಾಂಗ್ ಆಗ್ತಾವ್ರಿ, ಸಾಹೇಬ್ರ?" ಎಂದು ನಿಂಬೆವ್ವ ಒಮ್ಮೆ ಕೇಳಿದ್ದಳು.

"ದೂಡೋದರಿಂದನ ಆಗ್ತಾವ, ನಿಂಬೆವ್ವಾ. ಒಂದು ಇದ್ದ ಮನ್ಯಾಗ ಇನ್ನೊಂದು ಕಾಲಿಡೂದಿಲ್ಲ, ಬಾಜೂ ಮನ್ಯಾಗ ಇರ್ತದ. ಇದು ಸರಿದ್ರ ಅದೂ ಸರೀತದ. ಹಿಂಗ ತಪ್ಪಿಸಿಕೊಂತ ತಪ್ಪಿಸಿಕೊಂತನ ಹೆಜ್ಜಿ ಕೂಡ್ತದ. ಆಮ್ಯಾಲ ಅವನ್ನ ಯಾವುದೂ ತಡಿಯೂದಿಲ್ಲ."

ನಿಂಬೆವ್ವ ಮಗ್ಗದ ಆಚೆ ತುದಿಯಲ್ಲಿದ್ದ ಶಾವಂತ್ರೆವ್ವನನ್ನು ಒಮ್ಮೆ ನೋಡಿ, ತನ್ನ ತುದಿ ಎಳೆದಿದ್ದಳು.

ಕೆಲಸ ಬೇಗ ಸಾಗಲೆಂದು ಹುಯಿಲಗೋಳರೇ ಸೋಮವಾರ ಇಬ್ಬರನ್ನೂ ಕೂಡಿಸಿ, ಒಂದೇ ತಟ್ಟೆಯಲ್ಲಿ ಚುರಮರಿ ತಿನ್ನಿಸಿ ರಾಜಿ ಮಾಡಿಸಿದರು. ಅಷ್ಟು ಓದಿದವರಿಗೆ ಇಷ್ಟು ಹೊಳೆಯಲಿಲ್ಲವೇ ಎಂದು ಕೇಳಬೇಡಿ. ಬುಧವಾರದ ಹೊತ್ತಿಗೆ ಪಟ್ಟಿಯೆಲ್ಲ ಸುಕ್ಕುಸುಕ್ಕು. ಮಾತಿನ ಭರದಲ್ಲಿ ಇಬ್ಬರೂ ಒಟ್ಟಿಗೇ ಎಳೆಯುತ್ತಿದ್ದರು. ಸುಕ್ಕಾದಲ್ಲಿ ಪರಮಾಣುಗಳ ಸಾಲು ಕೆಟ್ಟು, ಎಲೆಕ್ಟ್ರಾನುಗಳ ಜೋಡಿ ಮುರಿದು, ಪಟ್ಟಿ ಬಿಸಿಯೇರುತ್ತಿತ್ತು. ಸರದಿಯಂತೆ ಎಳೆಯಿರೆಂದರೆ ಹೂಂ ಅನ್ನುವರು. ಮರುಗಳಿಗೆ ಮತ್ತೆ ಮಾತು, ಮತ್ತೆ ಸುಕ್ಕು.

"ಶುಕ್ರವಾರದ ತನಕ ಮೊದಲಿನಂಗ ಮಾತು ಬಿಡ್ರಿ" ಎಂದು ಕೇಳುವಾಗ ಹುಯಿಲಗೋಳರಿಗೇ ನಾಚಿಕೆಯಾಯಿತು.

ಶಾವಂತ್ರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಭಾವಾರು ತೀರಕೊಂಡಾಗ ಅಕ್ಕ ಒಬ್ಬಾಕಿನ ಅತ್ಲ್ರಿ. ನಾ ಗ್ವಾಡಿ ಈ ಕಡೆ ನಿಂತು ಅತ್ತೆ. ಒಂದ್ ಮಾತ್ ಆಡಲಿಲ್ಲ. ಆವಾಗ ಆಡೂ ಮಾತು ಈಗ ಆಡಾಕತ್ತೀವಿ. ಎರಡ ದಿನಾನೂ ಬಿಡಾಕ ಆಗೂದಿಲ್ರಿ."

ಹುಯಿಲಗೋಳರು ಹೊರಗಿನ ತಮ್ಮ ಮೇಜಿಗೆ ಬಂದರು. ಪರೀಕ್ಷೆ ಕೈಬಿಡುವ ಪತ್ರ ಬರೆಯಲು ಕೂತರು. 'ಕಾರಣ' ಎಂದಿದ್ದ ಕಡೆ ಎರಡು ಸಲ ಬರೆದು ಹೊಡೆದುಹಾಕಿದರು. ಒಳಗೆ ಇಬ್ಬರೂ ಯಾವುದಕ್ಕೋ ನಗುತ್ತಿದ್ದರು. ಕೊನೆಗೆ, "ನೇಕಾರರು ಮಾತಾಡುತ್ತಿದ್ದಾರೆ" ಎಂದು ಬರೆದು ಸಹಿ ಹಾಕಿದರು.